ಅವ್ವನ ಗುಟ್ಟಿನ ಟ್ರಸ್ಟು

ನಮ್ಮ ಅವ್ವ ಬೆಟಗೇರಿಯಲ್ಲಿ ಮಸಾಲೆ ಖಾರ ಮಾಡಿ ಮಾರುತ್ತಾಳೆ. ಖಾರ ಮಾಡುವವರ ಮನೆಯಲ್ಲಿ ಗುಟ್ಟು ಉಳಿಯುವುದು ಕಷ್ಟ. ಮೆಣಸಿನಕಾಯಿ ಹುರಿಯಲು ಬಾಣಲೆ ಇಟ್ಟರೆ ಸಾಕು, ಪಕ್ಕದ ಮನೆಯ ಅಜ್ಜ ಸೀನುತ್ತಾರೆ, ಎದುರು ಮನೆಯ ಸೊಸೆ ಕಿಟಕಿ ಮುಚ್ಚುತ್ತಾಳೆ, ಓಣಿಯ ತುದಿಯಲ್ಲಿ ಯಾರೋ "ಅಕ್ಕಾರು ಇವತ್ತ ಖಾರಕ್ಕ ಕುಂತಾರ" ಎಂದು ಸಾರುತ್ತಾರೆ. ಆದರೂ ಆ ಖಾರದ ಅಳತೆ ಮಾತ್ರ ಯಾರಿಗೂ ಗೊತ್ತಿಲ್ಲ. ಕೊತ್ತಂಬರಿ ಎಷ್ಟು, ಒಣಕೊಬ್ಬರಿ ಎಷ್ಟು, ಬಳ್ಳೊಳ್ಳಿ ಎಷ್ಟು ಎಂದು ಕೇಳಿದರೆ "ಕೈ ಹೇಳಿದಷ್ಟು" ಅನ್ನುತ್ತಾಳೆ. ಮಸಾಲೆ ಕೂಡಿಸುವಾಗ ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಹೊಟ್ಟೆಯಲ್ಲಿ ಹುಟ್ಟಿದ ನನಗೂ ಅದೇ ಬಾಗಿಲು, ಅದೇ ಉತ್ತರ. ಲಕ್ಷ್ಮೇಶ್ವರದ ಶಾಲೆಯಲ್ಲಿ ಬದುಕಿಡೀ ಗಣಿತ ಕಲಿಸಿ, ನಿವೃತ್ತಳಾಗಿ ಅಲ್ಲೇ ಉಳಿದವಳು ನಾನು. "ಕೈ ಹೇಳಿದಷ್ಟು" ಎಂಬ ಅಳತೆ ಕೇಳಿದರೆ ನನಗೆ ಮೈ ಉರಿಯುತ್ತದೆ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವ್ವನ ಫೋನು ಬಂತು. ಅವಳ ಕಿವಿ ಈಗ ಮಂದವಾಗಿದೆ. ಸ್ಪೀಕರ್ ಹಾಕಿ, ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಕೈಯಲ್ಲಿ ಏನೋ ಕೆಲಸ ಮಾಡುತ್ತ ಮಾತಾಡುತ್ತಾಳೆ. ಗುಟ್ಟಿನ ಮಾತಾದರೆ ಅವಳು ಪಿಸುಗುಟ್ಟುತ್ತಾಳೆ, ನಾನು ಕೂಗಬೇಕು.

"ನಾ ಹೋದ ಮ್ಯಾಲೆ ನನ್ನ ಟ್ರಂಕ ಮಂದಿ ಮುಂದ ತಗೀಬಾರ್ದು," ಎಂದಳು. "ಅದಕ್ಕೇನರ ದಾರಿ ಐತೇನು ನೋಡು. ನಿನ್ನ ತಮ್ಮಗ ಮಾತ್ರ ಗೊತ್ತಾಗಬಾರ್ದು."

ಟ್ರಂಕಿನ ಕತೆ ನನಗೆ ಗೊತ್ತು. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಅಪ್ಪ ತೀರಿಕೊಂಡ. ಮುಂದಿನ ವರ್ಷವೇ ಅಪ್ಪನ ಊರಿನಲ್ಲಿ ಅಣ್ಣತಮ್ಮಂದಿರ ಪಾಲಾಯಿತು. ನಮ್ಮ ಕಡೆ ಪಾಲು ಅಂದರೆ ಮನೆಯೊಳಗಿನ ಮಾತಲ್ಲ. ಪಡಸಾಲೆಯಲ್ಲಿ ಜಮಖಾನ ಹಾಸಿ, ಹಿರಿಯರನ್ನು ಕರೆದು, ಚಹಾ ಕೊಟ್ಟು, ಎತ್ತಿನಿಂದ ಹಿಡಿದು ಸೌಟಿನವರೆಗೆ ಎಲ್ಲರೆದುರಿಗೆ ಇಟ್ಟು ಹಂಚುತ್ತಾರೆ. ಅವತ್ತು ಯಾರೋ "ಆಕಿ ಟ್ರಂಕೂ ಬರ್ಲಿ" ಅಂದರು. ಕೂಡುಮನೆಯ ಬಂಗಾರ ಅದರಲ್ಲಿದೆಯೇನೋ ಎಂಬ ಅನುಮಾನ. ಅವ್ವನ ಸೀರೆಗಳನ್ನು ಒಂದೊಂದಾಗಿ ಬಿಚ್ಚಿ ಝಾಡಿಸಿದರು. ಕುಪ್ಪಸ, ಒಳಲಂಗ ಯಾವುದನ್ನೂ ಬಿಡಲಿಲ್ಲ. ತಳದಲ್ಲಿ ಸಿಕ್ಕಿದ್ದು ಯಳವತ್ತಿಯ ತವರಿನಿಂದ ತಂದ ಒಂದು ಪುಟ್ಟ ಬೆಳ್ಳಿಯ ಕುಂಕುಮ ಭರಣಿ. ಅದನ್ನೂ ಕೈಯಿಂದ ಕೈಗೆ ದಾಟಿಸಿ ತೂಗಿ ನೋಡಿದರು. ಬಾಗಿಲಲ್ಲಿ ಊರ ಹುಡುಗರೆಲ್ಲ ಕತ್ತು ಚಾಚಿ ನಿಂತಿದ್ದರು. ಅವ್ವ ಅಳಲಿಲ್ಲ. ಸೀರೆಗಳನ್ನು ಅವೇ ಮಡಿಕೆಗಳಿಗೆ ಮಡಚಿಟ್ಟು, ಟ್ರಂಕು ಮುಚ್ಚಿ, ನಮ್ಮಿಬ್ಬರನ್ನು ಕರೆದುಕೊಂಡು ಬೆಟಗೇರಿಗೆ ಬಂದು ಖಾರ ಕುಟ್ಟಲು ಕೂತಳು. ಆ ಪಡಸಾಲೆ ನೆನಪಾದರೆ ಇವತ್ತಿಗೂ ನನಗೆ ಸಿಟ್ಟು ನೆತ್ತಿಗೇರುತ್ತದೆ.

ಇನ್ನು ನನ್ನ ತಮ್ಮ. ಅವನಿಗೆ ಐವತ್ತು ದಾಟಿದೆ. ಮದುವೆಯಾಗಿಲ್ಲ, ಅವ್ವನ ಜೊತೆಗೇ ಇದ್ದು ಖಾರದ ಕೆಲಸ ನೋಡಿಕೊಳ್ಳುತ್ತಾನೆ. ಅವನನ್ನು ಒಳ್ಳೆಯವನು ಅಂದರೆ ಅದು ಹೊಗಳಿಕೆಯಲ್ಲ, ದೂರು. ಕೇಳಿದವರಿಗೆ ಇಲ್ಲ ಅನ್ನಲು ಅವನಿಗೆ ಬಾಯಿಯೇ ಬರುವುದಿಲ್ಲ. ಗೆಳೆಯನೊಬ್ಬ ಮದುವೆಗೆ ಹೋಗಿಬರುತ್ತೇನೆಂದು ಇವನ ಬೈಕು ಒಯ್ದ. ಬೈಕು ತಿರುಗಿ ಬರುವ ಹೊತ್ತಿಗೆ ಆ ಮದುಮಕ್ಕಳ ಕೂಸಿಗೆ ತೊಟ್ಟಿಲು ಶಾಸ್ತ್ರವೂ ಮುಗಿದಿತ್ತು. ತುಂಬಿದ ಗ್ಯಾಸ್ ಸಿಲಿಂಡರನ್ನು ಎದುರು ಮನೆಗೆ ಎತ್ತಿಕೊಟ್ಟು, ಇವರಿಬ್ಬರೂ ಒಗ್ಗರಣೆಯಿಲ್ಲದ ಅವಲಕ್ಕಿ ತಿಂದ ದಿನಗಳುಂಟು. ದೀಪಾವಳಿಗೆ ನಾನು ಹೊಲಿಸಿಕೊಟ್ಟ ಅಂಗಿಯನ್ನು ಖಾರದ ಗಿರಣಿಯವನ ಮೈಮೇಲೆ ಕಂಡು ಬಾಯಿಗೆ ಬಂದಂತೆ ಬೈದಿದ್ದೆ. "ಅವಗ ಚಂದ ಕಾಣಿಸ್ತೈತಿ ಅಕ್ಕಾ," ಅಂದ.

ಅವ್ವ ಖಾರದಲ್ಲಿ ಕೂಡಿಸಿಟ್ಟದ್ದು ಇವನ ಕೈಗೆ ಬಂದರೆ, ಅದೂ ಊರಿಗೆಲ್ಲ ಗೊತ್ತಾಗಿ ಬಂದರೆ, ಮರುದಿನವೇ ಮನೆಯ ಮುಂದೆ ಸಾಲು ನಿಲ್ಲುತ್ತದೆ. ಅವನ ಮುಪ್ಪಿಗೆ ರೊಟ್ಟಿ ಉಳಿಯುವುದಿಲ್ಲ. ಅವ್ವನ ಚಿಂತೆ ಇಷ್ಟೇ: ತನ್ನ ಟ್ರಂಕು ಮುಚ್ಚಿಯೇ ಇರಬೇಕು, ಮಗನ ತಾಟು ಬರಿದಾಗಬಾರದು.

ಗದಗಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ವಕೀಲಳಾಗಿದ್ದಾಳೆ. ಅವಳ ಬಳಿ ಹೋಗಿ ಕೂತೆ.

"ಮೃತ್ಯುಪತ್ರ ಬರದರ ಸಾಲದೇನವಾ?"

"ಬರೀಬಹುದು ಟೀಚರ್. ಆದ್ರ ಅದು ಬಾಯಿ ಬಿಡೂದು ಅಜ್ಜಿ ಹೋದ ಮ್ಯಾಲೆ. ಒಬ್ಬರು ತಕರಾರು ತಗದ್ರ ಕೋರ್ಟಿಗೆ ಹೋತು. ಯಾರಿಗೆ ಏನು ಬಂತು ಅಂತ ಮಂದಿಗೆಲ್ಲ ಖಬರ. ಅದಕ್ಕ ಬದುಕಿದ್ದಾಗನ ಒಂದು ಖಾಸಗಿ ಟ್ರಸ್ಟ್ ಮಾಡ್ರಿ. ಅಜ್ಜಿ ತಮ್ಮ ಠೇವಣಿ, ಬಂಗಾರ ಅದರಾಗ ಇಡತಾರ. ಇರೋತನಕ ತಮಗ ಬೇಕಾದ್ದು ಅದರಾಗಿಂದನ ತಗೋತಾರ. ಆಮ್ಯಾಲೆ ನಂಬಿಕಿ ಇರೋ ಇಬ್ಬರು ಅದನ್ನ ನೋಡಿಕೊಂಡು ಮಗನ ಖರ್ಚು ನಡಸತಾರ. ಯಾರನ್ನೂ ಕರಿಯೂ ಹಂಗಿಲ್ಲ, ಯಾರ ಮುಂದೂ ಓದೂ ಹಂಗಿಲ್ಲ."

ನಮ್ಮಲ್ಲಿ ಟ್ರಸ್ಟು ಅಂದರೆ ಮಠಕ್ಕೋ ಶಾಲೆಗೋ ಇರುವಂಥದ್ದು. ಖಾರ ಮಾರುವ ಮುದುಕಿಗೂ ಒಂದು ಟ್ರಸ್ಟು ಇರಬಹುದು ಅನ್ನುವುದೇ ನನಗೆ ಮಜವೆನ್ನಿಸಿತು. ಮನೆಯನ್ನೂ ಅದರಲ್ಲೇ ಸೇರಿಸಬಹುದೇ ಎಂದು ಕೇಳಿದೆ.

"ಮನಿ ಬಿಡ್ರಿ. ಮನಿ, ಹೊಲ ಸೇರಿಸಿದ್ರ ನೋಂದಣಿ ಮಾಡಿಸಬೇಕು. ನೋಂದಣಿ ಆದದ್ದನ್ನ ಮುಚ್ಚಿಡಾಕ ಆಗಂಗಿಲ್ಲ. ರೊಕ್ಕ, ಬಂಗಾರ ಅಷ್ಟ ಸಾಕು." ಆಮೇಲೆ ಪೆನ್ನು ಕೆಳಗಿಟ್ಟು ಹೇಳಿದಳು: "ಇನ್ನೊಂದು ಮಾತು ಟೀಚರ್. ಟ್ರಸ್ಟ್ ಯಾರ ಸಲುವಾಗಿ ಐತಿ, ಅವರು ಬಂದು ಕೇಳಿದ್ರ ಹೇಳಬೇಕಾಗತೈತಿ. ಅದು ಅವರ ಹಕ್ಕು. ಕೇಳಲಿಲ್ಲ ಅಂದ್ರ ಸುಮ್ನಿರಬಹುದು."

ಅವತ್ತು ಸಂಜೆ ಇದನ್ನೆಲ್ಲ ಅವ್ವನಿಗೆ ಫೋನಿನಲ್ಲಿ ಕೂಗಿ ಕೂಗಿ ತಿಳಿಸಿದೆ. ಗಂಟಲು ಹರಿಯಿತು.

"ಅವಗ ಗೊತ್ತ ಇಲ್ಲದಿದ್ರ ಎಲ್ಲಿಂದ ಕೇಳತಾನ?" ಅವ್ವ ಪಿಸುಗುಟ್ಟಿದಳು. "ನೀ ಹೇಳಬ್ಯಾಡ, ನಾ ಹೇಳಂಗಿಲ್ಲ. ಅವನ ಹೊಟ್ಯಾಗ ಒಂದು ಮಾತು ನಿಂದರಂಗಿಲ್ಲ. ಹೇಳಿದ್ರ ಸಂಜೀಕ ಬಸ್ ಸ್ಟ್ಯಾಂಡಿಗೆಲ್ಲ ಗೊತ್ತು."

ನೋಡಿಕೊಳ್ಳುವ ಇಬ್ಬರಲ್ಲಿ ನಾನೊಬ್ಬಳು. ಇನ್ನೊಬ್ಬರನ್ನು ಅವ್ವ ಎಂದೋ ಆರಿಸಿಟ್ಟಿದ್ದಳು. ಶಿರಹಟ್ಟಿಯಲ್ಲಿ ಮೆಣಸಿನಕಾಯಿ, ಮಸಾಲೆ ಸಾಮಾನಿನ ವ್ಯಾಪಾರ ಮಾಡುವ ಮುಸಲ್ಮಾನರೊಬ್ಬರು. ಅವರ ತಂದೆಯ ಕಾಲದಿಂದ ಅವ್ವನಿಗೆ ಮಾಲು ಬರುವುದು ಆ ಅಂಗಡಿಯಿಂದಲೇ. ನಾವು ಅವರನ್ನು ಕಾಕಾ ಅನ್ನುತ್ತೇವೆ. ತವರಿನ ಕಡೆಯವರು ಇಷ್ಟು ಮಂದಿ ಇರುವಾಗ ಕಾಕಾ ಯಾಕೆ ಎಂದು ಕೇಳಿದೆ.

"ನಾ ಏನೇನು ಎಷ್ಟೆಷ್ಟು ಒಯ್ಯತೇನಿ ಅಂತ ಅಂವಗ ಗೊತ್ತೈತಿ. ಮನಸು ಮಾಡಿದ್ರ ನನ್ನ ಖಾರದ ಅಳತಿ ಊರಿಗೆಲ್ಲ ಹೇಳಬಹುದಾಗಿತ್ತು. ಇಷ್ಟು ವರ್ಷದಾಗ ತನ್ನ ಹೆಂಡತಿಗೂ ಹೇಳಿಲ್ಲ. ಆಕಿ ನನ್ನ ಕಡೆನ ಖಾರ ಒಯ್ಯತಾಳ," ಅಂದಳು.

ನನ್ನ ಗಣಿತಕ್ಕೆ ಹೊಳೆಯದ ಲೆಕ್ಕ ಅದು. ಒಪ್ಪಿಕೊಂಡೆ.

ಗದಗಿನ ಕೋರ್ಟಿನ ಸುತ್ತಮುತ್ತ ಅರ್ಧ ಜನ ಅವ್ವನ ಖಾರ ತಿಂದವರು. ಅಲ್ಲಿ ಸಹಿ ಮಾಡಿದರೆ ಮುಗಿಯಿತು. ವಕೀಲ ಹುಡುಗಿಗೆ ಮುಂಡರಗಿಯಲ್ಲೂ ಕೇಸುಗಳಿದ್ದವು, ಅಲ್ಲಿಯ ನೋಟರಿಯ ಗುರುತಿತ್ತು. ಮುಂಡರಗಿಯೇ ಆಗಲಿ ಎಂದೆವು. ತಮ್ಮನಿಗೆ, ಮುಂಡರಗಿ ಹತ್ತಿರದ ಹಿರೇವಡ್ಡಟ್ಟಿಯಲ್ಲಿ ನೆಂಟರಿಗೆ ಆರಾಮಿಲ್ಲ, ಮಾತಾಡಿಸಿ ಬರುತ್ತೇವೆ ಎಂದು ಹೇಳಿದ್ದಾಯಿತು. ಅವನೇ ನಮ್ಮನ್ನು ಬಸ್ಸು ಹತ್ತಿಸಿದ, ಅವ್ವನಿಗೆ ಕಿಟಕಿಯ ಸೀಟು ಹಿಡಿದುಕೊಟ್ಟ, ನೀರಿನ ಬಾಟಲಿ ಕೈಗಿತ್ತ. ಯಾವ ನೆಂಟರು, ಏನಾಗಿದೆ ಎಂದು ಒಂದು ಮಾತೂ ಕೇಳಲಿಲ್ಲ. ನೆಂಟರ ಬಗ್ಗೆ ಇವನಿಗೆ ಖಬರೇ ಇಲ್ಲ ಎಂದು ನಾನು ಒಳಗೊಳಗೇ ಸಿಡುಕಿದೆ.

ಮುಂಡರಗಿಯಲ್ಲಿ ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದು ಕಾಯುತ್ತಿದ್ದರು. ಅವ್ವ ತನ್ನ ಒಳ್ಳೆಯ ಇಳಕಲ್ ಸೀರೆ ಉಟ್ಟಿದ್ದಳು. ಆರಾಮಿಲ್ಲದವರನ್ನು ನೋಡಲು ಇಂಥ ಸೀರೆ ಯಾರು ಉಡುತ್ತಾರೆ ಎಂದು ಬಸ್ಸಿನಲ್ಲೇ ಗದರಿದ್ದೆ. ಕಾಗದ ತಯಾರಿತ್ತು, ನೋಟರಿ ತಯಾರಿದ್ದರು. ಅವ್ವ ಮಾತ್ರ ರಾಹುಕಾಲ ಮುಗಿಯದೆ ಪೆನ್ನು ಮುಟ್ಟುವುದಿಲ್ಲ ಎಂದು ಕೂತಳು. ನಾನು ತಲೆ ಚಚ್ಚಿಕೊಂಡೆ. ಕಾಕಾ ಮಾತ್ರ ಗಡಿಯಾರ ನೋಡುತ್ತ, "ತಡೀರಿ ಅಕ್ಕಾರ, ಇನ್ನಾ ಸ್ವಲ್ಪ ಐತಿ," ಎಂದು ಶ್ರದ್ಧೆಯಿಂದ ಕಾಯ್ದರು. ಅಂತೂ ಸಹಿಯಾಯಿತು. ಮುಂದೆ ಬ್ಯಾಂಕಿನ ಖಾತೆ ಅವ್ವನ ಗುರುತು ಯಾರಿಗೂ ಇಲ್ಲದ ಲಕ್ಷ್ಮೇಶ್ವರದಲ್ಲಿ ತೆಗೆಯುವುದೆಂದು ಮಾತಾಯಿತು. ಹೊರಗೆ ಬಂದಾಗ ಅವ್ವ, "ಎದಿ ಮ್ಯಾಲಿನ ಕಲ್ಲ ಇಳೀತು," ಅಂದಳು. ಅವಳು ಅಷ್ಟು ಹಗುರಾಗಿ ನಕ್ಕದ್ದನ್ನು ನೋಡಿ ನನಗೂ ಖುಷಿಯಾಯಿತು.

ಆ ಖುಷಿ ಮರುದಿನ ಬೆಳಗಿನವರೆಗೆ ಮಾತ್ರ. ಎದ್ದು ನೋಡಿದರೆ ಒಲೆಯ ಮೇಲೆ ಕಡಲೆಬೇಳೆ ಕುದಿಯುತ್ತಿದೆ, ಅವ್ವ ಬೆಲ್ಲ ಜಜ್ಜುತ್ತಿದ್ದಾಳೆ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ.

"ಏನಿದು?"

"ಹೋಳಿಗಿ. ಒಳ್ಳೇ ಕೆಲಸ ಮುಗದೈತಿ. ಓಣಿಗೆ ಬಾಯಿ ಸೀ ಮಾಡದಿದ್ರ ಹೆಂಗ?"

"ಅವ್ವಾ, ಗುಟ್ಟು ಬೇ ಇದು!"

"ಗುಟ್ಟಂದ್ರ ಹೇಳಬಾರ್ದು. ಹೋಳಿಗಿ ಕೊಡಬಾರ್ದು ಅಂತ ಯಾವ ವಕೀಲ ಹೇಳ್ಯಾಳ?"

ಎತ್ತು ಕೊಂಡರೆ, ಮೋಟಾರು ತಂದರೆ, ಮಗು ಪಾಸಾದರೆ, ಬೋರಿಗೆ ನೀರು ಬಿದ್ದರೆ ನಮ್ಮ ಜನಕ್ಕೆ ಸಿಹಿ ಹಂಚದೆ ಸಮಾಧಾನವಿಲ್ಲ. ಹಂಚದಿದ್ದರೆ ಆ ಕೆಲಸ ಕೈಗೂಡುವುದಿಲ್ಲ ಎಂಬ ಭಯ ಬೇರೆ. ಊರಿಗೆಲ್ಲ ಮುಚ್ಚಿಟ್ಟು ಟ್ರಸ್ಟು ಮಾಡಿ, ಅದು ನೆಟ್ಟಗಾಗಲಿ ಎಂದು ಊರಿಗೆಲ್ಲ ಹೋಳಿಗೆ ಹಂಚುವ ಕೆಲಸ ಇನ್ನಾರೂ ಮಾಡಲಿಕ್ಕಿಲ್ಲ. ನಾನು ಮುಖ ಊದಿಸಿಕೊಂಡು ಹೂರಣ ರುಬ್ಬಿದೆ. ತಾಟುಗಳನ್ನು ಮನೆಮನೆಗೆ ಒಯ್ದವನು ತಮ್ಮ. ಯಾರಾದರೂ ಕೇಳಿದರೆ "ಸುಮ್ನ ಮನಸಾತು, ಮಾಡಿದ್ಲು" ಎಂದು ಹೇಳಲು ಅವ್ವ ಕಲಿಸಿಕೊಟ್ಟಳು. ಅವನಿಗೆ ಏನೂ ಗೊತ್ತಿಲ್ಲವಲ್ಲ, ಏನು ಹೇಳಿಯಾನು ಎಂದು ನಾನೂ ಸಮಾಧಾನ ಮಾಡಿಕೊಂಡು ಸಂಜೆಯ ಬಸ್ಸಿಗೆ ಊರಿಗೆ ಹೋದೆ.

ಕೆಲವು ವಾರ ಕಳೆದ ಮೇಲೆ ಲಕ್ಷ್ಮೇಶ್ವರದ ಕಾಯಿಪಲ್ಯೆ ಸಂತೆಯಲ್ಲಿ ಬೆಟಗೇರಿಯಿಂದ ಬಂದ ಒಬ್ಬ ಹೆಣ್ಣುಮಗಳು ನನ್ನ ಕೈ ಹಿಡಿದುಕೊಂಡಳು. "ತಮ್ಮನ ಮದುವಿ ಅಂತಲ್ರೀ! ಭಾಳ ಚಲೋ ಆತು ಬಿಡ್ರಿ. ವಯಸ್ಸಿಂದೇನೈತಿ!" ನಾನು ಬದನೆಕಾಯಿ ಹಿಡಿದುಕೊಂಡು ಬಾಯಿ ತೆರೆದು ನಿಂತೆ. ಮನೆಗೆ ಬರುವಷ್ಟರಲ್ಲಿ ಕಾಕಾನ ಫೋನು. "ಯವ್ವಾ, ಶಾದಿ ಖಬರ ನನಗ ಹೇಳಲಿಲ್ಲಲ್ಲ? ಬೆಳ್ಳಟ್ಟಿ ಮಂದಿ ಬಂದು ಹುಡುಗ ಹೆಂಗ ಅಂತ ಕೇಳಿದ್ರು. ಅವರ ಕಡೆನೂ ಒಂದು ಹೆಣ್ಣೈತಂತ. ಹುಡುಗ ಬಂಗಾರದಂಥವ ಅಂತ ಹೇಳಿ ಕಳಿಸೀನಿ." ಐವತ್ತು ದಾಟಿದ ಹುಡುಗ!

ಮರುದಿನ ಮೊದಲ ಬಸ್ಸಿಗೇ ಬೆಟಗೇರಿಗೆ ಹೋದೆ. ಅವ್ವ ಅಡುಗೆಮನೆಯಲ್ಲಿ ಖಾರ ಜರಡಿ ಹಿಡಿಯುತ್ತಿದ್ದಳು. ತಮ್ಮ ಹಿತ್ತಿಲಲ್ಲಿ, ಅಡುಗೆಮನೆಯ ಕಿಟಕಿಯ ಕೆಳಗೆ ಗೋಣಿಚೀಲದ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದ.

"ಬಂದೇನ ಅಕ್ಕಾ? ಚಾ ಕುಡೀತೀ?"

"ಚಾ ಏನೂ ಬ್ಯಾಡ. ನಿನ್ನ ಮದುವಿ ಸುದ್ದಿ ಯಾರು ಹಬ್ಬಿಸ್ಯಾರ, ಅದನ್ನ ಹೇಳು ಮೊದಲ."

"ನಾನ."

ಅವ್ವ ಕಿಟಕಿಯಿಂದಲೇ ಕೂಗಿದಳು: "ಹುಚ್ಚು ಹಿಡದೈತೇನಲೇ ನಿನಗ? ನಾ ಓಣಿ ಮಂದಿ ಹುಟ್ಟಿಸ್ಯಾರ ಅನ್ಕೊಂಡಿದ್ದೆ!"

ಅವನು ತೊಟ್ಟು ಮುರಿಯುವುದನ್ನು ನಿಲ್ಲಿಸಲಿಲ್ಲ. "ಹೋಳಿಗಿ ತಾಟು ಒಯ್ದವ ನಾನಲ್ಲೇನ ಬೇ? ಮೊದಲನೇ ಮನ್ಯಾಗ ಏನ್ ವಿಶೇಷ ಅಂದ್ರು. ಸುಮ್ನ ಅಂದೆ, ನಂಬಲಿಲ್ಲ. ಎರಡನೇ ಮನ್ಯಾಗ, ನಿಮ್ಮವ್ವ, ನಿಮ್ಮಕ್ಕ ಮುಂಡರಗಿ ಕೋರ್ಟ್ ಕಡೆ ಕಂಡಿದ್ರಂತ, ಆಸ್ತಿ ಗೀಸ್ತಿ ಮಾಡ್ಯಾರೇನು ಅಂದ್ರು. ಹಿಂಗ ಬಿಟ್ರ ಸಂಜೀಕ ಎಲ್ಲಾ ಹೊರಗ ಬರತೈತಿ ಅನಿಸ್ತು. ನನ್ನ ಮದುವಿ ಮಾತು ನಡದೈತಿ ಅಂದೆ. ಬಿದ್ದು ಬಿದ್ದು ನಕ್ರು. ನಕ್ಕ ಮ್ಯಾಲೆ ಮಂದಿ ಮತ್ತೊಂದು ಕೇಳೂದಿಲ್ಲ."

ಅಡುಗೆಮನೆಯಲ್ಲಿ ಜರಡಿಯ ಸಪ್ಪಳ ನಿಂತಿತು.

"ಏನು ಹೊರಗ ಬರತೈತಿ?" ನಾನು ಕೇಳಿದೆ.

"ಟ್ರಸ್ಟು," ಅಂದ.

ಅವನೇ ಮುಂದುವರಿಸಿದ: "ಅವ್ವ ಫೋನಿನ್ಯಾಗ ಪಿಸುಪಿಸು ಅಂತಿದ್ಲು. ನೀ ಲಕ್ಷ್ಮೇಶ್ವರದಿಂದ ಒದರತಿದ್ದಿ. ನಾ ಇಲ್ಲೇ, ಕಿಟಕಿ ಕೆಳಗ ಇದ್ದೆ. ಎಲ್ಲಿ ಓಡಿ ಹೋಗಲಿ?"

"ಮತ್ತ ಯಾಕ ಒಂದ ಮಾತು ಕೇಳಲಿಲ್ಲ ನೀನು?"

"ನಾ ಕೇಳಿದ್ರ ನೀವು ಹೇಳಬೇಕಾಗತಿತ್ತಲ್ಲ ಅಕ್ಕಾ. ವಕೀಲರು ಹಂಗ ಹೇಳ್ಯಾರ ಅಂತ ನೀನ ಒದರಿದ್ದಿ. ಅವ್ವಗ ನನ್ನ ಮುಂದ ಹೇಳೂ ಮನಸಿರಲಿಲ್ಲ. ಅದಕ್ಕ ಕೇಳಲಿಲ್ಲ."

ಅವ್ವ ಹಿತ್ತಿಲ ಬಾಗಿಲಿಗೆ ಬಂದು ನಿಂತಳು. ಮೊಣಕೈವರೆಗೆ ಕೆಂಪು ಖಾರ. "ನಿನ್ನ ಹೊಟ್ಯಾಗ ಮಾತು ನಿಂದರಂಗಿಲ್ಲ ಅಂದಿದ್ದೆ ನಾನು. ಅದನ್ನೂ ಕೇಳಿದ್ದೇನು?"

"ಕೇಳಿದ್ದೆ ಬೇ." ಅವನು ನಕ್ಕ. "ಬೈಕ್ ಕೇಳಿದ್ರ ಬೈಕ್ ಕೊಡತೇನಿ, ಸಿಲಿಂಡರ್ ಕೇಳಿದ್ರ ಸಿಲಿಂಡರ್ ಕೊಡತೇನಿ. ಹಂಗಂತ ಮಂದಿ ಕೇಳಿದ್ರ ನಿನ್ನ ಟ್ರಂಕ ತಗದು ತೋರಸತೇನೇನು?"

ಅವ್ವ ಅವನ ಪಕ್ಕದಲ್ಲೇ ಗೋಣಿಚೀಲದ ಮೇಲೆ ಕುಸಿದು ಕೂತಳು. ಅದೇ ಖಾರದ ಕೈಯಿಂದ ಕಣ್ಣೊರೆಸಿಕೊಂಡಳು. ಆಮೇಲೆ ಕೇಳಬೇಕೇ! ಉರಿ ಉರಿ ಎಂದು ಕೂಗಾಡಿದಳು, ತಮ್ಮ ನೀರಿಗೆ ಓಡಿದ, ನಾನು ಸೆರಗು ತೋಯಿಸಿ ಹಿಡಿದೆ, ಪಕ್ಕದ ಮನೆಯ ಅಜ್ಜ ಕಂಪೌಂಡಿನ ಮೇಲಿಂದ ಇಣುಕಿ "ಏನಾತ್ರೀ?" ಎಂದರು. "ನನ್ನ ಮದುವಿ ಮುರೀತ್ರಿ, ಅದಕ್ಕ ಅಳಾಕತ್ಯಾಳ," ಅಂದ ನನ್ನ ತಮ್ಮ, ಒಂದು ಕ್ಷಣವೂ ತಡಮಾಡದೆ. ಈ ಗದ್ದಲದಲ್ಲಿ ಅವ್ವ ಖರೆ ಅತ್ತಳೋ ಇಲ್ಲವೋ ನನಗೆ ತಿಳಿಯಲಿಲ್ಲ. ನಾನಂತೂ ಅತ್ತೆ. ಇಷ್ಟು ದಿನ ಓಣಿಯ ನಗೆ ಹೊತ್ತು ತಿರುಗಿದ ಆ ಮನುಷ್ಯನ ಮೇಲೆ ನನಗೆ ಅವತ್ತು ಬಂದಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

ಮದುವೆ ಮುರಿದ ಸುದ್ದಿ ಮಧ್ಯಾಹ್ನಕ್ಕೆ ಓಣಿ ದಾಟಿತು. ಪಾಪ, ಹೆಣ್ಣಿನವರು ಒಲ್ಲೆ ಅಂದರಂತೆ ಎಂದು ಹೆಂಗಸರು ಮರುಗಿದರು. ಒಬ್ಬರು ಶೇಂಗಾ ಹೋಳಿಗೆ, ಒಬ್ಬರು ಎಣ್ಣೆಗಾಯಿ, ಒಬ್ಬರು ಮಾದಲಿ ತಂದುಕೊಟ್ಟರು. ವಾರವಿಡೀ ಅವ್ವನಿಗೆ ಒಲೆ ಹೊತ್ತಿಸುವ ಕೆಲಸವಿರಲಿಲ್ಲ. ತಮ್ಮ ದುಃಖದ ಮುಖ ಮಾಡಿಕೊಂಡು ಎಲ್ಲವನ್ನೂ ತಿಂದ. ಬೆಳ್ಳಟ್ಟಿಯವರಿಗೆ ಮಾತ್ರ ಕಾಕಾ ತಾವೇ ಹೋಗಿ, ಹುಡುಗನಿಗೆ ಇನ್ನು ಮದುವೆಯ ಮನಸ್ಸಿಲ್ಲ ಎಂದು ಹೇಳಿ ಬಂದರು.

ಅವ್ವ ವಕೀಲ ಹುಡುಗಿಗೆ ಫೋನು ಹಚ್ಚಿಸಿದಳು. "ಇವನ ಹೆಸರೂ ಸೇರಸ್ರಿ. ಮೂರು ಮಂದಿ ನೋಡಿಕೊಳ್ಳಲಿ. ಇವಗ ಗೊತ್ತಿಲ್ಲದಂಗ ಇನ್ನ ಏನೂ ಬ್ಯಾಡ," ಎಂದಳು. ಈ ಸಲ ಪಿಸುಗುಟ್ಟಲಿಲ್ಲ. ಆದರೆ ಹಿತ್ತಿಲ ಕಿಟಕಿ ಮುಚ್ಚಿದಳು.

ಮತ್ತೆ ಮುಂಡರಗಿಗೆ ಹೋದೆವು, ಈ ಸಲ ತಮ್ಮನೂ ಸೇರಿ ಮೂವರೂ; ಕಾಕಾ ನೇರ ಅಲ್ಲಿಗೇ ಬಂದರು. ಕೈಯಲ್ಲಿ ರೊಕ್ಕವಿದ್ದರೆ ತಮ್ಮ ಈಗಲೂ ಕೊಟ್ಟೇಬಿಡುತ್ತಾನೆ. ಅದಕ್ಕೇ ಏನು ತೆಗೆಯುವುದಿದ್ದರೂ ಮೂರು ಸಹಿ ಬೇಕೆಂದು ಅವನೇ ಬರೆಸಿದ. ಕೆಲಸ ಮುಗಿದು ಬಸ್ ಸ್ಟ್ಯಾಂಡಿಗೆ ಬಂದಾಗ ಅವ್ವ ಕಿರಾಣಿ ಅಂಗಡಿಯ ಕಡೆ ನೋಡಿದಳು. ಅಲ್ಲಿ ಕಡಲೆಬೇಳೆಯ ಚೀಲ ಬಾಯಿ ತೆರೆದು ಕೂತಿತ್ತು.

"ಹೋಳಿಗಿ ಬ್ಯಾಡ ಬೇ," ತಮ್ಮ ಅವಳ ಕೈ ಹಿಡಿದು ತಿರುಗಿಸಿದ. "ಮಿರ್ಚಿ ತಿಂದು ಹೋಗೂಣು. ಮಿರ್ಚಿ ತಿಂದವರನ್ನ ಯಾರೂ ಏನ್ ವಿಶೇಷ ಅಂತ ಕೇಳಂಗಿಲ್ಲ." ಬಿಸಿ ಮಿರ್ಚಿ ಭಜಿ, ಮಂಡಕ್ಕಿ ತಿಂದು ಊರಿಗೆ ಬಂದೆವು. ಯಾರೂ ಏನೂ ಕೇಳಲಿಲ್ಲ.

ಕಳೆದ ಬೇಸಗೆಯಲ್ಲಿ ಖಾರದ ಕಾಲಕ್ಕೆ ನಾನು ಬೆಟಗೇರಿಯಲ್ಲಿದ್ದೆ. ಮಸಾಲೆ ಹುರಿದಾಗಿತ್ತು. ಅವ್ವ ಎದ್ದು ಒಳಕೋಣೆಗೆ ಹೊರಟಳು. ಬಾಗಿಲಲ್ಲಿ ನಿಂತು ತಿರುಗಿ, "ಬಾರಲೇ ಒಳಗ," ಎಂದು ತಮ್ಮನನ್ನು ಕರೆದಳು. ನಾನೂ ಎದ್ದೆ. ಬಾಗಿಲು ನನ್ನ ಮೂಗಿನ ಮುಂದೆಯೇ ಮುಚ್ಚಿಕೊಂಡಿತು. ಹೊರಗೆ ನಿಂತು ಸೀನಿದ್ದಷ್ಟೇ ಬಂತು.

ಬಹಳ ಹೊತ್ತಾದ ಮೇಲೆ ತಮ್ಮ ಹೊರಗೆ ಬಂದ. ಕೈತುಂಬ ಮಸಾಲೆಯ ವಾಸನೆ, ಮುಖದಲ್ಲಿ ಎಂದೂ ಕಾಣದ ಒಂದು ಗಾಂಭೀರ್ಯ. ಅವನನ್ನು ಹಿತ್ತಿಲಿಗೆ ಎಳೆದುಕೊಂಡು ಹೋದೆ. ಕೇಳಿದವರಿಗೆ ಇಲ್ಲ ಅನ್ನದ ತಮ್ಮ, ಅಕ್ಕನಿಗೆ ಇಲ್ಲ ಅಂದಾನೆಯೇ?

"ಕೊತ್ತಂಬರಿ ಎಷ್ಟು ಹಾಕಿದ್ಲೋ?"

ಅವನು ಆ ಕಡೆ ಈ ಕಡೆ ನೋಡಿದ. ಕಿಟಕಿ ಮುಚ್ಚಿದೆಯೇ ಎಂದು ನೋಡಿದ. ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದ:

"ಕೈ ಹೇಳಿದಷ್ಟು ಅಕ್ಕಾ."